ಅಳತೆಯ ದಾರ

ಯೊಕೊಹಾಮಾ ಬಂದರು, ಜಪಾನ್
ಜೂನ್ ೧೯೮೫

ಅಂಬುಬಾಯಿ, ನಿನ್ನ ಅಪ್ಪ ಹಡಗಿನಿಂದ ಬರೆಯುವುದು.

ಇಲ್ಲಿನ ಆಟದ ಪಾರ್ಕಿನಲ್ಲಿ ಹಳಿಯ ಮೇಲೆ ಓಡುವ ರೋಲರ್ ಕೋಸ್ಟರ್ ಗಾಡಿಯದೆಂದು ನಾನು ಕಳಿಸಿದ ಚಿತ್ರ ನೋಡಿ, "ಅಪ್ಪಾ, ಗಾಡಿ ತಲಿಕೆಳಗ ಆದಾಗ ನಿಂತ ಮಂದಿ ಬೀಳಂಗಿಲ್ಲೇನು?" ಎಂದು ಕೇಳಿದ್ದೀ. ಹಡಗು ಇನ್ನೂ ರಿಪೇರಿಯಲ್ಲಿದೆ. ನಿನ್ನೆ ರಜೆ ಸಿಕ್ಕಿತು, ಮತ್ತೆ ಹೋಗಿ ನೋಡಿ ಬಂದೆ.

ಆ ಗಾಡಿಯಲ್ಲಿ ಯಾರೂ ಕೂರುವುದಿಲ್ಲ. ಕಾಲ ನಡುವೆ ಸೈಕಲ್ ಸೀಟಿನಂಥ ಆಸರೆ, ಹೆಗಲ ಮೇಲೆ ಕಬ್ಬಿಣದ ಪಟ್ಟಿ. ಸರಪಳಿ ಗಾಡಿಯನ್ನು ದಿಬ್ಬದ ತುದಿಗೆ ಎಳೆದು ಬಿಡುತ್ತದೆ. ಆಮೇಲೆ ಎಂಜಿನ್ ಬೇಕಿಲ್ಲ, ಇಳಿದ ವೇಗದಲ್ಲೇ ಸುತ್ತು ಹೊಡೆಯುತ್ತದೆ. ತುಂಬಿದ ಚರಗಿಯನ್ನು ಜೋರಾಗಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಲ್ಲ, ಹಾಗೆಯೇ ಮಂದಿಯೂ ಬೀಳುವುದಿಲ್ಲ. ಪಂಚಮಿ ಜೋಕಾಲಿಯಲ್ಲಿ ನಿಂತು ಜೀಕಿದಾಗ ಹೊಟ್ಟೆಯಲ್ಲಿ ಜುಮ್ಮೆನ್ನುವಂತೆ ಇಲ್ಲೂ ಆಗುತ್ತದೆ.

ಬಾಗಿಲಲ್ಲಿ ಒಂದು ಕೋಲಿದೆ. ಅದರ ಕೆಂಪು ಗೀಟಿಗಿಂತ ಗಿಡ್ಡ ಇದ್ದವರನ್ನು ಹತ್ತಿಸುವುದಿಲ್ಲ. ನಾನು ಊರು ಬಿಡುವಾಗ ನಿನ್ನ ಅವ್ವ, "ಬರೋವಾಗ ಈ ಅಳತಿಗಿ ಅಂಗಿ ತರ್ರಿ" ಎಂದು ನಿನ್ನ ಎತ್ತರ ಅಳೆದು ಕೊಟ್ಟ ದಾರ ಕಿಸೆಯಲ್ಲಿತ್ತು. ಕೋಲಿಗೆ ಹಿಡಿದೆ. ಗೀಟಿಗಿಂತ ಎರಡು ಗೇಣು ಕೆಳಗೇ ಉಳಿಯಿತು. ಅದು ನೀನು ಶಾಲೆಗೆ ಸೇರುವ ಮೊದಲಿನ ದಾರ. ಈಗ ನೀನೇ ಪತ್ರ ಬರೆಯುತ್ತೀ.

ಈ ಪಂಚಮಿಗೂ ನನಗೆ ಬರಲಾಗುವುದಿಲ್ಲ. ಅವ್ವನಿಗೆ ನೀನೇ ಹೇಳು.

ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲು. ಹಿಮ್ಮಡಿಯಿಂದ ನೆತ್ತಿಯ ತನಕ ಅವ್ವ ಹೊಸ ದಾರ ಹಿಡಿದು ಗಂಟು ಹಾಕಲಿ. ತುದಿಗಾಲಲ್ಲಿ ನಿಲ್ಲಬೇಡ. ದಾರವನ್ನು ಪತ್ರದಲ್ಲಿಟ್ಟು ಕಳಿಸು. ದೀಪಾವಳಿಗೆ ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ, ಆ ಗದ್ದಲದಲ್ಲಿ ಯಾವ ಎತ್ತರದಲ್ಲಿ ನಿನ್ನ ಮುಖ ಹುಡುಕಬೇಕೆಂದು ನನಗೆ ಗೊತ್ತಿರಬೇಕು.

ನಿನ್ನ ಅಪ್ಪ,
ದೇವೀಂದ್ರಪ್ಪ