ನಾಲ್ಕನೇ ಟೇಕ್

ಭಾನುವಾರ, ಮಾರ್ಚ್ 9

ಪ್ರೀತಿಯ ಹಾರ್ನಪ್ಪನವರಿಗೆ,

ಹಾಗೆ ಕರೆಯುವ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ, ಕೈ ತಾನಾಗಿ ಬರೆದುಬಿಟ್ಟಿತು. ನೀವು ಮನೆ ಬಿಟ್ಟು ಮೂವತ್ತು ವರ್ಷವಾಯಿತು. ಮಗಳ ಮದುವೆಯ ದಿನ ಎದುರುಬದುರು ಕೂತು ಉಪ್ಪು ಕೇಳಿದ್ದು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ. ನಿಮ್ಮನ್ನು ಮೊದಲ ಸಲ ನಮ್ಮ ಮನೆಗೆ ಕರೆದುಕೊಂಡು ಹೋಗಿ, ವಾದ್ಯವೃಂದದಲ್ಲಿ ಹಾರ್ನ್ ಊದುತ್ತಾರೆ ಎಂದಾಗ ನಮ್ಮಮ್ಮ, "ಹಾರ್ನ್ ಊದೋರಾ? ಯಾವ ರೂಟಿನ ಬಸ್ಸು?" ಅಂದಿದ್ದರಲ್ಲ. ಅವರ ಜೊತೆಗೆ ಕಂಡಕ್ಟರೂ ಇರ್ತಾರೆ ಎಂದು ನಾನು ಹೇಳಿದ ಮೇಲಂತೂ ಅವರ ಅನುಮಾನ ಗಟ್ಟಿಯಾಯಿತು. ಮೊನ್ನೆ ಅದು ನೆನಪಾಗಿ ಒಬ್ಬಳೇ ನಕ್ಕೆ.

ಮೊನ್ನೆ ಸ್ಟುಡಿಯೋದವರು ಕರೆಸಿದ್ದರು. ಹಳೆಯ ಟೇಪುಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸುತ್ತಿದ್ದಾರೆ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರದ ಚೀಟಿಗಳನ್ನು ಓದಬಲ್ಲವರು ಅಲ್ಲಿ ಈಗ ಯಾರೂ ಇಲ್ಲ. ಅದೇ ಕೋಣೆ. ನಾನು ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುತ್ತಿದ್ದ ಮೇಜಿನ ಮೇಲೆ ಯಾರದೋ ಊಟದ ಡಬ್ಬಿ. ನಮ್ಮ ಸಿಂಫನಿಯ ಸುರುಳಿಗಳನ್ನೆಲ್ಲ ಕೇಳಿ ಹೋಲಿಸಿದ್ದ ಎಂಜಿನಿಯರ್ ಹುಡುಗಿ, "ಮೇಡಂ, ಹಾರ್ನ್ ಸೋಲೋ ಏಳನೇ ಟೇಕ್ ಅಂತ ಚೀಟೀಲಿದೆ. ಅಂಟಿಸಿರೋದು ನಾಲ್ಕನೇದು. ತಪ್ಪಾಗಿದೆ ಅಲ್ವಾ?" ಎಂದಳು.

"ತಪ್ಪಲ್ಲಮ್ಮ, ಬೇಕಂತಲೇ ಮಾಡಿದ್ದು" ಅಂದೆ. ಮೂವತ್ತೆಂಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡ ಮಾತು ಗುರುತುಪರಿಚಯವಿಲ್ಲದ ಹುಡುಗಿಯ ಮುಂದೆ ಹೊರಬಿತ್ತು. ಮೊದಲು ಕೇಳಬೇಕಾಗಿದ್ದವರು ನೀವು.

ಆ ದಿನ ನಿಮಗೆ ಮರೆತಿರಲಾರದು. ಎರಡನೇ ಟೇಕಿನಲ್ಲೂ ಮೂರನೆಯದರಲ್ಲೂ ನಿಮ್ಮ ಮೇಲಿನ ಸ್ವರ ಒಡೆಯಿತು. ನಾಲ್ಕನೆಯದರಲ್ಲಿ ಒಡೆಯಲಿಲ್ಲ. ಆದರೆ ನೀವೊಬ್ಬರೇ ಊದುವ ಸೋಲೋ ಮುಗಿಯುತ್ತಲೇ ಪಿಟೀಲಿನವರು ತಡವಾಗಿ ಸೇರಿದರು, ಕಂಡಕ್ಟರು ಕೋಲು ಬಡಿದು ನಿಲ್ಲಿಸಿದರು, ಆ ಸಿಟ್ಟನ್ನೂ ನಿಮ್ಮ ಮೇಲೇ ತೀರಿಸಿಕೊಂಡರು. "ನಿಮ್ಮ ತುಟಿ ಮುಗೀತು ಕಣ್ರೀ. ಪಕ್ಕದೋರಿಗೆ ಬಿಡಿ." ಎಂಬತ್ತು ಜನರ ಎದುರಿಗೆ. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ನಾನೂ ಇದ್ದೆ.

ನಿಮ್ಮ ಪಕ್ಕದ ಕುರ್ಚಿಯ ಹಾರ್ನಿನವರು ಏಳನೇ ಟೇಕಿನಲ್ಲಿ ತಪ್ಪಿಲ್ಲದೆ ಊದಿದರು. ಅದನ್ನೇ ಹಾಕಿ ಎಂದು ಅಪ್ಪಣೆಯಾಯಿತು. ಹಾಕಲೆಂದೇ ಕೂತೆ. ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಅವರದು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ನಿಮ್ಮದರಲ್ಲಿ ಮೇಲಿನ ಸ್ವರಕ್ಕೆ ಮುಂಚೆ ಒಂದು ಕೂದಲೆಳೆಯಷ್ಟು ಅನುಮಾನ, ಆಮೇಲೆ ಆ ಸ್ವರ. ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ನಿಮ್ಮ ನಲವತ್ತೊಂದು ಸೆಕೆಂಡು ಕತ್ತರಿಸಿ, ಪಿಟೀಲು ಸೇರುವ ಕಡೆ ಏಳನೆಯದಕ್ಕೆ ಅಂಟಿಸಿದೆ. ಚೀಟಿಯಲ್ಲಿ ಮಾತ್ರ ಏಳು ಅಂತಲೇ ಬರೆದೆ.

ಕಂಡಕ್ಟರು ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದ್ರಾ, ಆಳು ಬದಲಾಯಿಸಿದ್ದು ಎಷ್ಟು ಒಳ್ಳೇದಾಯ್ತು!" ನಾನು ಹೂಂಗುಟ್ಟಿದೆ.

ರೆಕಾರ್ಡಿನ ಮೇಲೆ ಪಕ್ಕದವರ ಹೆಸರು ಅಚ್ಚಾಯಿತು. ಜನ ಅವರನ್ನು ಹೊಗಳಿದರು. ಅವರಿಗೂ ಗೊತ್ತಿತ್ತೆಂದೇ ನನ್ನ ನಂಬಿಕೆ. ತನ್ನ ಉಸಿರು ತನಗೆ ತಿಳಿಯದೇ? ಮೆಟ್ಟಿಲಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು. ನೀವು ಆರು ತಿಂಗಳಲ್ಲಿ ಕೆಲಸ ಬಿಟ್ಟು ಶಾಲೆಯ ಮಕ್ಕಳಿಗೆ ಸ್ವರ ಕಲಿಸಲು ಹೋದಿರಿ. ಹಾರ್ನಿನ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಆ ರೆಕಾರ್ಡನ್ನು ಮನೆಗೆ ತರಬಾರದೆಂದಿರಿ. ಆ ಸಿಂಫನಿ ಬರೆದ ಮಹಾನುಭಾವ ಅದನ್ನು ಒಮ್ಮೆಯೂ ಕೇಳದೆ ಸತ್ತನಂತೆ. ಬರೆದವನೂ ಕೇಳಲಿಲ್ಲ, ಊದಿದವರೂ ಕೇಳಲಿಲ್ಲ.

ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವುದರಲ್ಲಿ ನಮ್ಮಿಬ್ಬರ ಮಧ್ಯೆ ಹೇಳುವಂಥದ್ದೇ ಏನೂ ಉಳಿಯಲಿಲ್ಲ.

ಕಂಡಕ್ಟರೂ ಪಕ್ಕದವರೂ ಈಗಿಲ್ಲ. ಹೊಸ ಡಿಸ್ಕಿನಲ್ಲಿ ನಿಮ್ಮ ಹೆಸರು ಹಾಕಲು ಹುಡುಗಿ ಸಿದ್ಧಳಿದ್ದಾಳೆ. ನಿಮ್ಮ ಒಪ್ಪಿಗೆ ಬೇಕು. ಡಿಸ್ಕಿನ ಕರಡು ಪ್ರತಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಮಗಳಿಗೆ ಫೋನಿನಲ್ಲೇ ಕೇಳಿಸಿದೆ. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿ, "ಅಪ್ಪ ಹೀಗೆ ಊದ್ತಿದ್ರಾ? ನಂಗೆ ಯಾರೂ ಹೇಳೇ ಇಲ್ವಲ್ಲಮ್ಮ" ಎಂದಳು. ಹೆಸರು ಬೇಡವೆನಿಸಿದರೆ ಬಿಡಿ. ಆದರೆ ಒಮ್ಮೆ ಕೇಳಿ.

ಇತಿ,
ನಿಮ್ಮ ಮಗಳ ತಾಯಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಕೆಲಸದ ಭಯ ಅಂದೆನಲ್ಲ, ಅದು ಅರ್ಧ ನಿಜ. ಆ ರೆಕಾರ್ಡು ಬಂದ ತಿಂಗಳೇ ನೀವು ಹಿಂದೆಯೇ ಹಾಕಿದ್ದ ಅರ್ಜಿಗೆ ಕಡಲಾಚೆಯ ವಾದ್ಯವೃಂದದಿಂದ ಕರೆ ಬಂದಿತ್ತು. "ತುಟಿ ಸತ್ತೋನಿಗೆ ಯಾಕೆ ಇದೆಲ್ಲ" ಎಂದು ನೀವು ಆ ಕಾಗದವನ್ನು ಹರಿದು ಹಾಕಿದಿರಿ. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ರೆಕಾರ್ಡಿನಲ್ಲಿರುವುದು ನಿಮ್ಮ ಉಸಿರೇ ಎಂದು ಒಂದು ಮಾತು ಆಡಿದ್ದರೆ ನೀವು ಹೊರಟುಬಿಡುತ್ತಿದ್ದಿರಿ. ಮಗಳಿಗಿನ್ನೂ ಮೂರು ವರ್ಷ, ನನಗೆ ನೀವು ಮನೆಯಲ್ಲೇ ಬೇಕಾಗಿತ್ತು. ಹಾಲು ಉಕ್ಕುವವರೆಗೂ ಬಾಯಿ ಬಿಡದೆ ನಿಂತೇ ಇದ್ದೆ.