ಒಂದು ಮುಚ್ಚಳ ಸಂರಕ್ಷಕಕ್ಕೆ ಮನೆ ಕಳೆದುಕೊಂಡವನ ಅಹವಾಲು

ಮಾನ್ಯ ಮಾರುಕಟ್ಟೆ ಅಧಿಕಾರಿಗಳೇ,

ಕಳೆದ ವಾರದ ತನಕ ನನಗೊಂದು ಮನೆ ಇತ್ತು. ಅದು ಮನೆಯಲ್ಲ ಎಂದು ತೀರ್ಮಾನಿಸಿದವರು ತಾವು. ನನ್ನ ಹೆಂಡತಿಯ ಸಾಬೂನಿನ ಮಳಿಗೆಗೆ ದಯಮಾಡಿಸಿ, ‘ಇದು ಮನೆಯಲ್ಲಿ ತಯಾರಿಸಿದ್ದಲ್ಲ’ ಎಂಬ ಫಲಕ ತಗುಲಿಹಾಕಿ, ಮನೆ ತಯಾರಿಕೆಗಳ ಸಾಲಿನಿಂದ ಅವಳನ್ನು ಎಬ್ಬಿಸಿದಿರಿ. ಅವಳ ಅಪರಾಧವೇನು? ದ್ರವ ಸಾಬೂನು ಕೆಡದಿರಲೆಂದು ಪಾತ್ರೆಗೊಂದು ಮುಚ್ಚಳದಷ್ಟು ಸಂರಕ್ಷಕ ಹಾಕುತ್ತಾಳೆ, ಹಾಕಿದ್ದೇನೆಂದು ಸೀಸೆಯ ಮೇಲೆ ಬರೆಯುತ್ತಾಳೆ. ಆ ಸಾಬೂನು ಬೇಯುವುದು ನಮ್ಮ ಅಡುಗೆಮನೆಯ ಒಲೆಯ ಮೇಲೆ. ಬೆಳಗಿನಿಂದ ಸಂಜೆವರೆಗೆ ಅದನ್ನು ತಿರುವುವವಳು ಅವಳು, ಅವಳ ಕೈ ಸೋತಾಗ ತಿರುವುವವನು ನಾನು. ಅದು ಮನೆಯಲ್ಲಿ ಆದದ್ದಲ್ಲವೆಂದರೆ, ಸ್ವಾಮಿ, ನಾವಿಬ್ಬರೂ ಇಷ್ಟು ವರ್ಷ ಸಂಸಾರ ಮಾಡಿದ್ದು ಎಲ್ಲಿ?

“ಸೋಪೇ ಕೊಳೆ ತೊಳೆಯುತ್ತೆ. ಸೋಪಿಗೇನಮ್ಮಾ ಹಿಡಿಯುತ್ತೆ?” ಎಂದು ಅಂದು ತಾವು ನಕ್ಕಿರಿ. ಕೇಳಲು ಸೊಗಸಾದ ಮಾತು. ಹಾಗಿದ್ದರೆ, ಸ್ನಾನ ಮಾಡಿದ ಶುಭ್ರ ಮೈಯನ್ನಷ್ಟೇ ಒರೆಸುವ ಟವೆಲ್ ವಾರ ಕಳೆದರೆ ನಾರುವುದೇಕೆ? ಗಟ್ಟಿ ಸಾಬೂನಿನ ಬಿಲ್ಲೆಗೆ ಸಂರಕ್ಷಕ ಬೇಡ, ಒಪ್ಪಿದೆ. ಒಣಗಿ ಕೂತ ಬಿಲ್ಲೆಯಲ್ಲಿ ಕ್ರಿಮಿಗಳಿಗೆ ಬದುಕಲು ಬೇಕಾದಷ್ಟು ನೀರಿರುವುದಿಲ್ಲ. ದ್ರವ ಸಾಬೂನಿನಲ್ಲಿ ಹೆಚ್ಚಿನ ಪಾಲು ನೀರೇ. ಅದಕ್ಕೆ ಸೌತೆಕಾಯಿ ರಸವನ್ನೂ ಬೆರೆಸಿ ಬೆಚ್ಚಗಿನ ಕಪಾಟಿನಲ್ಲಿಟ್ಟರೆ ಅವುಗಳಿಗೆ ಊಟ, ವಸತಿ ಎರಡೂ ಪುಕ್ಕಟೆ. ಕಾಣುವುದಿಲ್ಲವಲ್ಲ ಎನ್ನುತ್ತೀರಿ. ನಾನು ಕನ್ನಡಕದ ಅಂಗಡಿ ಇಟ್ಟವನು. ತಮಗೆ ಕಾಣದ್ದು ಇಲ್ಲವೇ ಇಲ್ಲ ಎಂದು ವಾದಿಸುವ ಗಿರಾಕಿಗಳು ನನಗೇನೂ ಹೊಸಬರಲ್ಲ.

ಇದು ನಾವು ಅನುಭವಿಸಿ ಕಲಿತ ಪಾಠ. ಮೊದಮೊದಲು ನನ್ನವಳೂ ಸಂರಕ್ಷಕದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದಳು. ಸೌತೆಕಾಯಿ ರಸ ಬೆರೆಸಿದ ಮೊದಲ ಸಾಬೂನನ್ನು ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹಂಚಿದಳು. ಕೆಲವು ವಾರಗಳಲ್ಲಿ ನಮ್ಮ ಬಚ್ಚಲಿನ ಸೀಸೆಯ ಹೊಟ್ಟೆ ಉಬ್ಬಿತು. ಒಂದು ಬೆಳಿಗ್ಗೆ ನಾನು ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಅದರ ಮುಚ್ಚಳ ಹಾರಿ ಕನ್ನಡಿಗೆ ಬಡಿಯಿತು. ಆಮೇಲೆ ಬಂದ ವಾಸನೆಯನ್ನು ಸಭ್ಯ ಭಾಷೆಯಲ್ಲಿ ಬರೆಯಲಾರೆ. ಗಾಬರಿಯಿಂದ ಅವಳು ತಮ್ಮನಿಗೆ ಫೋನು ಮಾಡಿದಳು. ನನ್ನ ಭಾವಮೈದ ಬಹಳ ಒಳ್ಳೆಯವನು. “ಸೋಪು ಚೆನ್ನಾಗೇ ಇದೆ ಅಕ್ಕಾ. ಅದರಲ್ಲಿ ತೊಳೆದ ಮೇಲೆ ಪಾತ್ರೆನ ಇನ್ನೊಂದು ಸೋಪಲ್ಲಿ ತೊಳೀತೀವಿ, ಅಷ್ಟೆ” ಎಂದ. ಅವಳು ಮನೆಮನೆಗೆ ಹೋಗಿ, ತಲೆ ತಗ್ಗಿಸಿ, ಕೊಟ್ಟ ಸೀಸೆಗಳನ್ನೆಲ್ಲ ವಾಪಸ್ ಇಸಿದುಕೊಂಡು ಬಂದಳು. ಚೀಲ ಹೊತ್ತವನು ನಾನು. ಅಂದಿನಿಂದ ಅವಳು ಸಂರಕ್ಷಕ ಹಾಕದೆ ಒಂದು ಸೀಸೆಯನ್ನೂ ಯಾರ ಕೈಗೂ ಕೊಟ್ಟಿಲ್ಲ.

ಇನ್ನು ಪಕ್ಕದ ಮಳಿಗೆಯ ಸಂಗತಿ. ಅಲ್ಲಿಯ ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಿರಿ. ಒಳಗೆ ಎಳೆಎಳೆಯಾಗಿ ಏನೋ ತೇಲುತ್ತಿತ್ತು. “ನೋಡಮ್ಮಾ, ಅಪ್ಪಟ ಮನೆ ಸೋಪು ಅಂದ್ರೆ ಇದು. ಇದರಲ್ಲಿ ಜೀವ ಇದೆ” ಎಂದಿರಿ.

“ನಾನೂ ಅದನ್ನೇ ಸಾರ್ ಹೇಳ್ತಿರೋದು” ಎಂದಳು ನನ್ನವಳು.

ತಾವು ಆ ಮಳಿಗೆಯವನಿಗೆ ಮೂಲೆಯ ಒಳ್ಳೆಯ ಜಾಗವನ್ನೇ ಕೊಟ್ಟಿರಿ. ಸಂಜೆ ಆತ ನಮ್ಮ ಮನೆಗೆ (ತಮ್ಮ ಪ್ರಕಾರ ಏನೆಂದು ಕರೆಯಬೇಕೋ ಅದಕ್ಕೆ) ಬಂದು ದನಿ ತಗ್ಗಿಸಿ ಕೇಳಿದ: “ಅಕ್ಕಾ, ನೀವು ಹಾಕ್ತೀರಲ್ಲ, ಅದು ನನಗೂ ಸ್ವಲ್ಪ ಕೊಡ್ತೀರಾ? ನಾನು ಹಾಕ್ತೀನಿ ಅಷ್ಟೆ, ಬರೆಯಲ್ಲ.” ನೋಡಿದಿರಾ ತಮ್ಮ ಆದೇಶದ ಮಹಿಮೆ? ಸಂರಕ್ಷಕ ಬಿಡಿ ಎಂದು ತಾವು ಹೇಳಿದಿರಿ, ಜನ ಬರೆಯುವುದನ್ನು ಬಿಡುತ್ತಿದ್ದಾರೆ. ನನ್ನ ಹೆಂಡತಿಗೂ ಹಿತೈಷಿಗಳೆಲ್ಲ ‘ಹಾಕು, ಬರೆಯಬೇಡ’ ಎಂದೇ ಹೇಳಿದರು. ನಾನೂ ಹೇಳಿದೆ. “ಮುಚ್ಚಿಟ್ಟಿದ್ದು ನಾಳೆ ಗೊತ್ತಾದ್ರೆ ಮತ್ತೆ ಮನೆಮನೆಗೆ ಹೋಗಿ ತಲೆ ತಗ್ಗಿಸೋಕೆ ನನ್ನಿಂದ ಆಗಲ್ಲ ರೀ” ಎಂದು ಪಾತ್ರೆ ಬೋರಲು ಹಾಕಿ ಕೂತಳು.

ಒಂದು ವಾರ ಅವಳು ಆ ಪಾತ್ರೆ ಮುಟ್ಟಲಿಲ್ಲ. ಅದಕ್ಕೇ ಈ ಪತ್ರ. ಬರೆದು ಓದಿ ಹೇಳಿದೆ. “ಬರೀ ಬೈದರೆ ಅವರಿಗೇನು ಗೊತ್ತಾಗುತ್ತೆ?” ಎಂದು ಎದ್ದು ಒಲೆ ಹಚ್ಚಿದಳು.

ಆದ್ದರಿಂದ ಈ ಪತ್ರದ ಜೊತೆ ಎರಡು ಸೀಸೆ ಕಳಿಸುತ್ತಿದ್ದೇವೆ. ಪಾತ್ರೆ ಒಂದೇ, ರಸ ಒಂದೇ. ಒಂದಕ್ಕೆ ಸಂರಕ್ಷಕ ಹಾಕಿದೆ, ಇನ್ನೊಂದಕ್ಕಿಲ್ಲ. ಎರಡರ ಮೇಲೂ ಅವಳೇ ಬರೆದಿದ್ದಾಳೆ. ಎರಡನ್ನೂ ತಮ್ಮ ಕಚೇರಿಯ ಕಪಾಟಿನಲ್ಲಿ ಒಂದೆರಡು ತಿಂಗಳು ಇಡಿ. ಆಮೇಲೆ ಮುಚ್ಚಳ ತೆಗೆಯಿರಿ, ಮುಖ ಸ್ವಲ್ಪ ದೂರವಿರಲಿ. ತಮ್ಮ ಮನೆಯ ಮಗುವಿನ ಕೈಯನ್ನು ಯಾವುದರಿಂದ ತೊಳೆಯಲು ತಮಗೆ ಮನಸ್ಸು ಬರುತ್ತದೋ, ಆ ಸಾಬೂನಿಗೆ ನನ್ನ ಹೆಂಡತಿಯ ಜಾಗವನ್ನು ಕೊಡಿ.

ಇಂತಿ,
ಸೌಟು ತಿರುವಿ ತೋಳು ಸೋತ,
ಸಾಬೂನಿನಾಕೆಯ ಗಂಡ