ಬಳೆಚೂರಿನ ಡಬ್ಬಿ

ಮಸ್ಕಿ, ಆಗಸ್ಟ್ 1993

ಹಾಸ್ಟೆಲ್ಲಿನ ವಾರ್ಡನ್ ಅಮ್ಮಾವರಿಗೆ ಗ್ಯಾನಮ್ಮನ ನಮಸ್ಕಾರ.

ನನ್ನ ಮಗಳು ಹುಲಿಗೆಮ್ಮ ಸುಧಾರಿಸಿದ್ದಾಳೆಂದು ನೀವು ಬರೆದ ಕಾರ್ಡು ಈಗ ತಲುಪಿತು. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುವುದಿಲ್ಲ, ಕುಳಿತಲ್ಲೇ ತೂಗಾಡುವುದಿಲ್ಲ, ಯಾರಿಗೂ ಮುಟ್ಟಗೊಡದಿದ್ದ ಡಬ್ಬಿಯ ಬಳೆಚೂರನ್ನೆಲ್ಲ ಹುಡುಗಿಯರಿಗೆ ಹಂಚಿಬಿಟ್ಟಳು ಎಂದಿದ್ದೀರಿ. ಓದಿದವಳೇ ಹೆದರಿ ಈ ಪತ್ರ ಬರೆಯಲು ಕೂತೆ.

ಹೋದ ವರ್ಷ ಮನೆಯಲ್ಲೂ ಹೀಗೇ ಆಗಿತ್ತು. “ಅವ್ವಾ, ನಾ ಈಗ ಎಲ್ಲಾರಂಗ ಶಾಣ್ಯಾಕಿ ಆಗೀನಿ, ಇನ್ನ ನಿನಗ ತ್ರಾಸ ಇಲ್ಲ” ಅಂದಳು. ನಾವು ಓಣಿಗೆಲ್ಲ ಸಕ್ಕರೆ ಹಂಚಿದೆವು. ಮರುದಿನವೇ ಜೀವ ಕಳೆದುಕೊಳ್ಳಲು ಹೋಗಿದ್ದಳು. ನೆರೆಮನೆಯ ಅಯ್ಯಮ್ಮ ನೋಡಿದ್ದರಿಂದ ಉಳಿದಳು. ಈ ಮಾತು ನನ್ನನ್ನೂ ಅಯ್ಯಮ್ಮನನ್ನೂ ಬಿಟ್ಟು ಹೊರಗೆ ಯಾರಿಗೂ ಗೊತ್ತಿಲ್ಲ.

ಹೊರಟು ನಿಂತ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಹಾಸಿಗೆ ಹಿಡಿದ ಅತ್ತೆಯನ್ನು ಅಯ್ಯಮ್ಮನಿಗೆ ಒಪ್ಪಿಸಿ ಮುಂದಿನ ಬಸ್ಸಿಗೆ ನಾನೇ ಬರುತ್ತೇನೆ. ಅಲ್ಲಿಯತನಕ ಅವಳನ್ನು ಒಂಟಿಯಾಗಿ ಬಿಡಬೇಡಿರಿ. ಬೈಯಬೇಡಿರಿ, ಆಣೆ ಹಾಕಿಸಬೇಡಿರಿ, ಅವಳು ಮಾತಾಡದಿದ್ದರೂ ಮಗ್ಗುಲಲ್ಲಿ ಸುಮ್ಮನೆ ಕೂತಿರಿ. ಹುಡುಗಿಯರಿಂದ ಬಳೆಚೂರು ಇಸಿದುಕೊಂಡು ಡಬ್ಬಿಗೆ ಹಾಕಿಡಿರಿ. ಬಣ್ಣ ಬೇರೆ ಮಾಡಬೇಡಿರಿ, ಆ ಕೆಲಸ ಅವಳದು.

ನನ್ನ ಮಾತೆಂದು ಅವಳಿಗೆ ಇಷ್ಟು ಹೇಳಿರಿ: “ನಿಮ್ಮವ್ವ ಬರಾಕತ್ತಾಳ. ನೀ ಶಾಣ್ಯಾಕಿ ಆಗೋದು ಬ್ಯಾಡಂತ. ಚೀರಬೇಕು ಅನಿಸಿದ್ರ ಚೀರಬೇಕಂತ.”

ಅವಳು ಚೀರಿದರೆ, ಅಮ್ಮಾವರೇ, ದಯವಿಟ್ಟು ತಡೆಯಬೇಡಿರಿ.

ನಿಮ್ಮ ಕಾಲಿಗೆ ಬೀಳುವ,
ಗ್ಯಾನಮ್ಮ